ಸೋರುವ ತಾರಸಿಗೆ ಮೊದಲು ಉತ್ತರ ಹೇಳಬೇಕಾದವರು

ಹೊಸ ಮನೆಯ ತಾರಸಿ ಎರಡನೇ ಮಳೆಗಾಲಕ್ಕೇ ಸೋರಿದರೆ, ಹಾಲ್‌ನ ಟೈಲ್ಸ್ ಮೂರನೇ ಬೇಸಿಗೆಗೆ ಎದ್ದು ನಿಂತರೆ, ಅಡುಗೆಮನೆಯ ಪ್ಲೈವುಡ್ ಪದರ ಪದರವಾಗಿ ಬಿಟ್ಟುಕೊಂಡರೆ ನಮ್ಮಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. "ಮಾಲು ಕಂಪನಿಯದು, ಪಾಪ ಕಾಂಟ್ರಾಕ್ಟರ್ ಏನು ಮಾಡ್ತಾರೆ? ವಾರಂಟಿ ಕಾರ್ಡ್ ಇದ್ರೆ ಕಂಪನಿಗೆ ಫೋನ್ ಮಾಡಿ." ಇದನ್ನು ಕಾಂಟ್ರಾಕ್ಟರ್ ಹೇಳಿದರೆ ಅರ್ಥವಾಗುತ್ತದೆ. ಪ್ಲಾನ್ ಹಾಕಿಕೊಟ್ಟ ಎಂಜಿನಿಯರ್, ಅಂಗಡಿಯವರು, ಮನೆ ಕಟ್ಟಿಸಿ ಅನುಭವವಿರುವ ನೆಂಟರು, ಕೊನೆಗೆ ಮೋಸಹೋದ ಮನೆಯವರು ಕೂಡ ಇದನ್ನೇ ಹೇಳಿಕೊಂಡು ಸುಮ್ಮನಾಗುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ಇದು ನ್ಯಾಯವಲ್ಲ, ಕಾನೂನೂ ಅಲ್ಲ, ಕಟ್ಟಡದ ಕೆಲಸ ನಿಜವಾಗಿ ನಡೆಯುವ ರೀತಿಗೂ ಹೊಂದುವುದಿಲ್ಲ. ಮಾಲು ಬೇಗ ಕೆಟ್ಟಾಗ ಮನೆಯವರಿಗೆ ಮೊದಲು ಉತ್ತರ ಹೇಳಬೇಕಾದವರು ಅದನ್ನು ಆರಿಸಿ ತಂದು ಕೂರಿಸಿದ ಕಾಂಟ್ರಾಕ್ಟರ್. ಕಂಪನಿಯ ಬೆನ್ನು ಹತ್ತುವುದು ಅವರ ಕೆಲಸ, ಮನೆಯವರದಲ್ಲ.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಲೇಬರ್ ಕಾಂಟ್ರಾಕ್ಟ್ ಮಾಡುವ ಮೇಸ್ತ್ರಿಗಳನ್ನು ಕುರಿತು ಇದನ್ನು ಬರೆಯುತ್ತಿಲ್ಲ. ಮನೆಯವರೇ ಸಿಮೆಂಟು, ಕಬ್ಬಿಣ, ಟೈಲ್ಸ್ ತಂದುಹಾಕಿ ಚದರಕ್ಕೆ ಇಷ್ಟೆಂದು ಕೂಲಿ ಮಾತ್ರ ಮಾತಾಡಿದ್ದರೆ, ಮಾಲಿನ ಗುಣಕ್ಕೆ ಮೇಸ್ತ್ರಿಯನ್ನು ಹಿಡಿಯುವುದು ಅನ್ಯಾಯ. ಕೈಕೆಲಸಕ್ಕಷ್ಟೇ ಅವರು ಹೊಣೆ. ನನ್ನ ತಕರಾರು ಇರುವುದು 'ವಿತ್ ಮೆಟೀರಿಯಲ್' ಕಾಂಟ್ರಾಕ್ಟಿನ ಬಗ್ಗೆ. ಬೆಂಗಳೂರಿನಿಂದ ಹಿಡಿದು ತಾಲ್ಲೂಕು ಕೇಂದ್ರಗಳವರೆಗೆ ಈಗ ಸಂಬಳದಾರರು ಹೆಚ್ಚಾಗಿ ಹೀಗೆಯೇ ಮನೆ ಕಟ್ಟಿಸುತ್ತಾರೆ. ಚದರಡಿಗೆ ಒಂದು ರೇಟು, ಪಾಯದಿಂದ ಪೇಂಟಿಂಗ್‌ವರೆಗೆ ಎಲ್ಲ ಸೇರಿ, ಕೊನೆಗೆ ಕೀಲಿಕೈ ಕೈಗೆ. ಜಿಎಸ್‌ಟಿ ಕಾಯ್ದೆ ಇಂಥ ಒಪ್ಪಂದವನ್ನು ವರ್ಕ್ಸ್ ಕಾಂಟ್ರಾಕ್ಟ್ ಎಂದು ಕರೆದು, ಮಾಲು ಮತ್ತು ಕೂಲಿಯನ್ನು ಬೇರ್ಪಡಿಸದೆ ಒಂದೇ ಸೇವೆಯಾಗಿ ನೋಡುತ್ತದೆ. ತೆರಿಗೆಯ ಲೆಕ್ಕದಲ್ಲಿ ಒಂದಾಗಿರುವುದು ತಾರಸಿ ಸೋರಿದ ದಿನ ಮಾತ್ರ ಎರಡಾಗುವುದು ಹೇಗೆ?

ಮಾಲನ್ನು ಯಾರು ಕೊಳ್ಳುತ್ತಾರೆ ನೋಡಿ. ಅಂಗಡಿಯಲ್ಲಿ ಉದ್ರಿ ಖಾತೆ ಇರುವುದು ಕಾಂಟ್ರಾಕ್ಟರ್ ಹೆಸರಿನಲ್ಲಿ. ಬಿಲ್ಲು ಅವರ ಹೆಸರಿಗೆ ಆಗುತ್ತದೆ. ಎಷ್ಟೋ ಸಲ ಬಿಲ್ಲೇ ಇರುವುದಿಲ್ಲ, ಒಂದು ಚೀಟಿ ಇರುತ್ತದೆ. ಸಗಟಾಗಿ ಕೊಂಡದ್ದಕ್ಕೆ ಸಿಗುವ ರಿಯಾಯಿತಿ ಅವರಿಗೆ, ಡೀಲರ್ ಕೊಡುವ ಕಮಿಷನ್ ಅವರಿಗೆ. ಪೇಂಟಿನ ಡಬ್ಬಿಯೊಳಗಿನ ಟೋಕನ್ ಪೇಂಟರಿಗೆ, ಪ್ಲೈವುಡ್‌ನ ಪಾಯಿಂಟ್ಸ್ ಕಾರ್ಪೆಂಟರಿಗೆ ಅಥವಾ ಅವರನ್ನು ಕರೆತಂದವರಿಗೆ. ಇದರಲ್ಲಿ ಗುಟ್ಟೇನೂ ಇಲ್ಲ, ಕಂಪನಿಗಳು ಬಹಿರಂಗವಾಗಿಯೇ ಇಂಥ ಯೋಜನೆಗಳನ್ನು ನಡೆಸುತ್ತವೆ. ವ್ಯಾಪಾರದಲ್ಲಿ ಲಾಭ ಪಡೆಯುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಮಾಲಿನ ಮೇಲೆ ಲಾಭ ಬರುವಾಗ ಮಾರಾಟಗಾರರಾಗಿದ್ದವರು ಮಾಲು ಕೆಟ್ಟಾಗ ನಾವು ಬರೀ ಕೆಲಸದವರು ಎಂದರೆ ನಡೆಯದು. ಉಪ್ಪು ತಿಂದವರು ನೀರು ಕುಡಿಯಲೇಬೇಕು.

ಇನ್ನು ಕಂಪನಿಗೆ ಫೋನ್ ಮಾಡಿದರೆ ಏನಾಗುತ್ತದೆ? ಮೊದಲು ಬಿಲ್ ಕೇಳುತ್ತಾರೆ. ಅದು ಮನೆಯವರ ಬಳಿ ಇರುವುದಿಲ್ಲ. ಆಮೇಲೆ ಬ್ಯಾಚ್ ನಂಬರ್ ಕೇಳುತ್ತಾರೆ. ಅದಿದ್ದ ಡಬ್ಬಿ, ಚೀಲ, ರಟ್ಟಿನ ಪೆಟ್ಟಿಗೆಗಳು ಗೃಹಪ್ರವೇಶಕ್ಕೆ ಮೊದಲೇ ಗುಜರಿಗೆ ಹೋಗಿರುತ್ತವೆ. ಇಷ್ಟೆಲ್ಲ ದಾಟಿದ ಮೇಲೆ ಕಂಪನಿಯ ಪ್ರತಿನಿಧಿ ಬಂದು, ಗೋಡೆಗೆ ತೇವ ಅಳೆಯುವ ಮೀಟರ್ ಹಿಡಿದು, ಫೋಟೊ ತೆಗೆದುಕೊಂಡು ಹೋಗುತ್ತಾರೆ. ವಾರ ಕಳೆದ ಮೇಲೆ ಉತ್ತರ ಬರುತ್ತದೆ: ನಮ್ಮ ಮಾಲು ಚೆನ್ನಾಗಿಯೇ ಇದೆ, ಹಚ್ಚಿದ ಕ್ರಮ ಸರಿಯಿಲ್ಲ, ಪ್ರೈಮರ್ ಹಾಕಿಲ್ಲ, ಗಾರೆ ಒಣಗುವ ಮೊದಲೇ ಬಳಿದಿದ್ದಾರೆ. ಅದನ್ನು ಕಾಂಟ್ರಾಕ್ಟರಿಗೆ ತೋರಿಸಿದರೆ, "ಅವರು ಹಾಗೇ ಹೇಳೋದು ಸರ್, ಈ ಬ್ಯಾಚೇ ಸರಿ ಇಲ್ಲ, ಬೇರೆ ಸೈಟಲ್ಲೂ ಕಂಪ್ಲೇಂಟ್ ಬಂದಿದೆ" ಎಂಬ ಮಾತು. ಇಬ್ಬರೂ ಒಬ್ಬರನ್ನೊಬ್ಬರು ತೋರಿಸುತ್ತಾರೆ, ಬಕೆಟ್ ಇಟ್ಟುಕೊಂಡು ಕೂತವರು ಮನೆಯವರು.

ಈ ಜಗಳದಲ್ಲಿ ಸತ್ಯ ಗೊತ್ತಿರಬಹುದಾದ ವ್ಯಕ್ತಿ ಒಬ್ಬರೇ. ಗಾರೆ ಯಾವ ದಿನ ಮುಗಿಯಿತು, ಎಷ್ಟು ದಿನ ನೀರು ಹಾಕಿದರು, ಎಷ್ಟು ಕೋಟ್ ಹೊಡೆದರು, ಡಬ್ಬಿಗೆ ಎಷ್ಟು ನೀರು ಬೆರೆಸಿದರು ಎಂಬುದು ಕಂಪನಿಗೆ ತಿಳಿಯುವುದಿಲ್ಲ. ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮುಗಿಸಿ ಸಂಜೆ ಸೈಟಿಗೆ ಬಂದುಹೋಗುತ್ತಿದ್ದ ಮನೆಯವರಿಗೂ ತಿಳಿಯುವುದಿಲ್ಲ. ಕಾಂಟ್ರಾಕ್ಟರಿಗೆ ತಿಳಿದಿರುತ್ತದೆ, ತಿಳಿದಿರಲೇಬೇಕು. ಸಾಕ್ಷ್ಯ ಕೈಯಲ್ಲಿರುವವರನ್ನು ಬಿಟ್ಟು ಏನೂ ಇಲ್ಲದವರ ಮೇಲೆ ವಾದಿಸುವ ಭಾರ ಹೊರಿಸುವುದು ಈ ಪದ್ಧತಿಯ ಅತಿ ದೊಡ್ಡ ಅನ್ಯಾಯ ಎಂದು ನನಗೆ ಅನ್ನಿಸುತ್ತದೆ.

ಮಾಲಿನ ದೋಷ, ಕೆಲಸದ ದೋಷ ಎಂದು ಬೇರೆ ಮಾಡಿ ಮಾತಾಡುತ್ತೇವೆ. ಸೈಟಿನಲ್ಲಿ ಅವು ಅಷ್ಟು ಬೇರೆಯಾಗಿ ಇರುವುದೇ ಇಲ್ಲ. ವಿಟ್ರಿಫೈಡ್ ಟೈಲನ್ನೇ ತೆಗೆದುಕೊಳ್ಳಿ. ಅದು ನೀರು ಕುಡಿಯುವುದು ತನ್ನ ತೂಕದ 0.5%ಗಿಂತ ಕಡಿಮೆ. ಅಂದರೆ ಹಳೆಯ ರೆಡ್ ಆಕ್ಸೈಡ್ ಕಾಲದಿಂದ ಬಂದ ಸಿಮೆಂಟ್ ಹಾಲು ಅದರ ಬೆನ್ನಿಗೆ ಇಳಿಯುವುದಿಲ್ಲ, ಹಿಡಿದುಕೊಳ್ಳುವುದಿಲ್ಲ. ಅದಕ್ಕೆಂದೇ ಟೈಲ್ ಅಡ್ಹೆಸಿವ್ ಇದೆ, ಅದಕ್ಕೆ ಐಎಸ್ 15477 ಎಂಬ ಭಾರತೀಯ ಮಾನಕವೂ ಇದೆ. ಅಡ್ಹೆಸಿವ್ ದುಬಾರಿ. ಹಾಗಾಗಿ ಮರಳು ಸಿಮೆಂಟಿನ ಮೇಲೆಯೇ ಕೂರಿಸುತ್ತಾರೆ. ನಡುವೆ ಸ್ಪೇಸರ್ ಇಟ್ಟು ಸಂದು ಬಿಡುವುದಿಲ್ಲ, ಗೋಡೆಯ ಅಂಚಿನಲ್ಲೂ ಜಾಗ ಬಿಡುವುದಿಲ್ಲ. ಬಿಸಿಲಿಗೆ ನೆಲ ಹಿಗ್ಗಿದಾಗ ಹೋಗಲು ಎಡೆಯಿಲ್ಲದೆ ಟೈಲ್ಸ್ ಎದುರುಬದುರಾಗಿ ಮೇಲೇಳುತ್ತವೆ. ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು. ಆಗ "ಟೈಲ್ಸ್ ಕ್ವಾಲಿಟಿ ಸರಿ ಇಲ್ಲ" ಎಂದು ಹೇಳಿಬಿಡುತ್ತಾರೆ. ಟೈಲ್ಸ್ ತಯಾರಿಸಿದವರು ಆ ಮಾತನ್ನು ಒಪ್ಪದಿದ್ದರೆ ಅವರನ್ನು ನಾನು ದೂರಲಾರೆ.

ಪ್ಲೈವುಡ್‌ನ ಕಥೆ ಇನ್ನೂ ಬೇಸರದ್ದು. ನೀರು ಬೀಳುವ ಜಾಗಕ್ಕೆ ಐಎಸ್ 710ರ ಮೆರೈನ್ ಪ್ಲೈ ಬೇಕು. ಅದರ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುತ್ತಾರೆ. ಒಣ ಜಾಗದ ಕಪಾಟಿಗೆ ಐಎಸ್ 303ರ ಮಾಮೂಲಿ ದರ್ಜೆ ಸಾಕು. ಯಾವ ಹಾಳೆ ಯಾವುದೆಂದು ತಿಳಿಯುವುದು ಅದರ ಮೇಲಿನ ಐಎಸ್‌ಐ ಮುದ್ರೆ ಮತ್ತು ಲೈಸೆನ್ಸ್ ಸಂಖ್ಯೆಯಿಂದ. ಗರಗಸಕ್ಕೆ ಕೊಟ್ಟು, ಮೇಲೆ ಸನ್‌ಮೈಕಾ ಅಂಟಿಸಿದ ಮೇಲೆ ಮುದ್ರೆ ಎಲ್ಲಿ? ಸಿಂಕಿನ ಕೆಳಗಿನ ಬಾಗಿಲು ಉಬ್ಬಿದಾಗ ಅದು ಯಾವ ದರ್ಜೆಯ ಪ್ಲೈ ಎಂದು ತೋರಿಸಲು ಮನೆಯವರ ಬಳಿ ಏನೂ ಉಳಿದಿರುವುದಿಲ್ಲ. ಕತ್ತರಿಸುವ ಮೊದಲು ಮುದ್ರೆಯ ಒಂದು ಫೋಟೊ ತೆಗೆದು ಬಿಲ್ಲಿನ ಜೊತೆ ಕೊಟ್ಟಿದ್ದರೆ ಇಡೀ ವಿವಾದ ಒಂದು ಫೋನ್ ಕರೆಯಲ್ಲಿ ಮುಗಿಯುತ್ತಿತ್ತು. ಆ ಫೋಟೊ ತೆಗೆಯಬಹುದಾದವರು ಯಾರು?

ಸಿಮೆಂಟಿಗೂ ಇದೇ ಮಾತು ಅನ್ವಯಿಸುತ್ತದೆ. ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ಮೀರಿದ ಚೀಲವನ್ನು ಮತ್ತೆ ಪರೀಕ್ಷಿಸಿ ಬಳಸಬೇಕೆಂಬುದು ಮಾನಕದ ಮಾತು. ಪಿಪಿಸಿ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 10 ದಿನ ನೀರು ಹಾಕಬೇಕೆಂದು ಐಎಸ್ 456 ಹೇಳುತ್ತದೆ. ಟ್ಯಾಂಕರ್ ನೀರು ಕೊಂಡು ಕಟ್ಟುವ ಬೆಂಗಳೂರಿನಲ್ಲಿ ನಾಲ್ಕನೇ ದಿನಕ್ಕೇ ಪೈಪು ಸುತ್ತಿಡುವುದನ್ನು ನಾವೆಲ್ಲ ನೋಡಿದ್ದೇವೆ.

ಈಗ ವಾರಂಟಿ ಕಾರ್ಡನ್ನೇ ಓದೋಣ. ಹತ್ತು ವರ್ಷ ಎಂಬುದು ದೊಡ್ಡ ಅಕ್ಷರದಲ್ಲಿ ಇರುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ದೋಷ ಸಾಬೀತಾದರೆ ಅಷ್ಟೇ ಮಾಲನ್ನು ಬದಲಾಯಿಸಿ ಕೊಡುತ್ತೇವೆ ಅಥವಾ ಅದರ ಬೆಲೆ ಕೊಡುತ್ತೇವೆ, ಕೂಲಿ ನಮ್ಮದಲ್ಲ ಎಂದಿರುತ್ತದೆ. ನಾನು ಓದಿದ ಹೆಚ್ಚಿನ ಕಾರ್ಡುಗಳು ಹೀಗೆಯೇ ಇವೆ. ಆದರೆ ಕಟ್ಟಡದ ದುರಸ್ತಿಯಲ್ಲಿ ಖರ್ಚು ಇರುವುದೇ ಕೂಲಿಯಲ್ಲಿ. ಸಂಕನ್ ಸ್ಲ್ಯಾಬ್ ಸೋರಿದರೆ ಬಚ್ಚಲಮನೆಯ ನೆಲ ಒಡೆಯಬೇಕು, ತುಂಬಿದ್ದನ್ನು ತೆಗೆಯಬೇಕು, ಪೈಪು ಬಿಚ್ಚಬೇಕು, ಗಲೀಜನ್ನು ಮೇಲಿಂದ ಕೆಳಗೆ ಹೊತ್ತು ಲಾರಿಗೆ ತುಂಬಬೇಕು, ಮತ್ತೆ ಎಲ್ಲವನ್ನೂ ಹೊಸದಾಗಿ ಮಾಡಬೇಕು. ಇಷ್ಟರಲ್ಲಿ ವಾಟರ್‌ಪ್ರೂಫಿಂಗ್ ಡಬ್ಬಿಯ ಬೆಲೆ ಒಂದು ಚೂರು. ಕಂಪನಿ ಪ್ರಾಮಾಣಿಕವಾಗಿ ನಡೆದುಕೊಂಡರೂ ಮನೆಯವರಿಗೆ ಸಿಗುವುದು ಒಂದು ಹೊಸ ಡಬ್ಬಿ. ಉಳಿದದ್ದನ್ನು ಭರಿಸಬೇಕಾದ ಒಪ್ಪಂದ ಇರುವುದು ಒಬ್ಬರ ಜೊತೆ ಮಾತ್ರ.

ಕಾನೂನು ಕೂಡ ಹೆಚ್ಚಾಗಿ ಅವರತ್ತಲೇ ಬೆರಳು ತೋರಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ ಸೇರಿದಾಗ, ಇನ್ನು ಕಂಪನಿಗಳನ್ನು ನೇರ ಹಿಡಿಯಬಹುದೆಂದು ಹಲವರು ಸಂತೋಷಪಟ್ಟರು. ಆ ಅಧ್ಯಾಯಕ್ಕೆ ಕೊಟ್ಟಿರುವ ಹಾನಿಯ ವ್ಯಾಖ್ಯೆಯನ್ನು ಓದಬೇಕು. ಉತ್ಪನ್ನಕ್ಕೇ ಆದ ಕೆಡುಕನ್ನೂ, ವಾರಂಟಿ ಷರತ್ತು ಮುರಿದದ್ದರಿಂದ ಆಸ್ತಿಗಾದ ನಷ್ಟವನ್ನೂ ಅದು ಹೊರಗಿಟ್ಟಿದೆ. ಎದ್ದ ಟೈಲಿಗೆ, ಉಬ್ಬಿದ ಪ್ಲೈಗೆ ಆ ದಾರಿ ಬಹುಮಟ್ಟಿಗೆ ಮುಚ್ಚಿದೆ. ದೋಷವುಳ್ಳ ಸರಕು ಎಂದು ಕಂಪನಿಯ ಮೇಲೆ ದೂರು ಕೊಡಬಹುದು, ನಿಜ. ಆದರೆ ಪ್ರಯೋಗಾಲಯದ ವರದಿ, ಬಿಲ್ಲು, ಬ್ಯಾಚು ಎಲ್ಲವೂ ಮತ್ತೆ ಬೇಕು. ಇನ್ನೊಂದು ಕಡೆ, ಮನೆ ಕಟ್ಟಿಕೊಡುವುದು ಸೇವೆ ಎಂದು ಅದೇ ಕಾಯ್ದೆ ಹೆಸರಿಟ್ಟು ಹೇಳುತ್ತದೆ. ಲಖನೌ ಅಭಿವೃದ್ಧಿ ಪ್ರಾಧಿಕಾರ ಮತ್ತು ಎಂ.ಕೆ. ಗುಪ್ತಾ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1993ರಲ್ಲೇ, ಹಿಂದಿನ ಗ್ರಾಹಕ ಕಾಯ್ದೆಯಡಿ, ಇದನ್ನು ಎತ್ತಿಹಿಡಿದಿದೆ. ಸೇವೆಯಲ್ಲಿ ಕೊರತೆಯಾಗಿದೆ ಎಂದು ಕಾಂಟ್ರಾಕ್ಟರ್ ಮೇಲೆ ಹೋಗುವ ದಾರಿ ತೆರೆದಿದೆ. ಜನರನ್ನು ಆ ದಾರಿಯಿಂದ ತಿರುಗಿಸಿ ಕಂಪನಿಯ ಸಹಾಯವಾಣಿಗೆ ಕಳಿಸುತ್ತಿರುವುದು ನಮ್ಮ ಈ ರೂಢಿಯ ಮಾತು.

ಮಾಲನ್ನು ಆರಿಸಿದ್ದೇ ಮನೆಯವರು, ಆ ಬ್ರ್ಯಾಂಡೇ ಬೇಕೆಂದವರೇ ಅವರು ಎಂಬ ವಾದವಿದೆ. ಇದನ್ನು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1960ರ ದಶಕದ ಕೊನೆಯಲ್ಲೇ ತೂಗಿ ನೋಡಿದೆ. ನಮ್ಮ 1930ರ ಸರಕು ಮಾರಾಟ ಕಾಯ್ದೆ ಅಲ್ಲಿನ ಕಾನೂನಿನಿಂದಲೇ ಬಂದದ್ದರಿಂದ ಆ ತರ್ಕ ನಮಗೆ ಹೊರಗಿನದಲ್ಲ. ಯಂಗ್ ಅಂಡ್ ಮಾರ್ಟೆನ್ ಎಂಬ ಪ್ರಕರಣ ಅದು. ಮನೆಗಳಿಗೆ 'ಸಾಮರ್‌ಸೆಟ್ 13' ಎಂಬ ಹೆಂಚನ್ನೇ ಹಾಕಬೇಕೆಂದು ಕೆಲಸ ಕೊಟ್ಟವರೇ ಸೂಚಿಸಿದ್ದರು. ಅದನ್ನು ತಯಾರಿಸುತ್ತಿದ್ದುದು ಒಂದೇ ಕಂಪನಿ. ಹೆಂಚಿನೊಳಗೆ ಹೊರಗೆ ಕಾಣದ ದೋಷವಿತ್ತು. ವರ್ಷ ಕಳೆಯುವಷ್ಟರಲ್ಲಿ ಹಿಮದ ಚಳಿಗೆ ಹೆಂಚುಗಳು ಉದುರತೊಡಗಿದವು. ಗುತ್ತಿಗೆದಾರರ ಆಯ್ಕೆ ಅಲ್ಲಿ ಏನೂ ಇರಲಿಲ್ಲ, ಕಣ್ಣಿಗೆ ಕಾಣುವ ತಪ್ಪೂ ಇರಲಿಲ್ಲ. ಆದರೂ ನ್ಯಾಯಾಲಯ ಅವರನ್ನೇ ಹೊಣೆ ಮಾಡಿತು. ಆ ಬಗೆಯ ಹೆಂಚು ಈ ಕೆಲಸಕ್ಕೆ ತಕ್ಕುದೇ ಎಂಬುದು ಆರಿಸಿದವರ ಜವಾಬ್ದಾರಿ ಇರಬಹುದು. ತಂದ ಹೆಂಚು ಒಳ್ಳೆಯ ಗುಣದ್ದಾಗಿರಬೇಕೆಂಬುದು ತಂದವರ ಜವಾಬ್ದಾರಿ. ಅದಕ್ಕೆ ಕೊಟ್ಟ ಕಾರಣ ನನಗೆ ಬಹಳ ಮುಖ್ಯ ಅನ್ನಿಸುತ್ತದೆ: ಮನೆ ಕಟ್ಟಿಸಿದವರಿಗೆ ತಯಾರಕರ ಜೊತೆ ಒಪ್ಪಂದವಿಲ್ಲ. ಗುತ್ತಿಗೆದಾರರು ಅಂಗಡಿಯವರನ್ನು ಕೇಳಬಹುದು, ಅಂಗಡಿಯವರು ತಯಾರಕರನ್ನು ಕೇಳಬಹುದು. ಹೊಣೆ ಹೀಗೆ ಕೈಯಿಂದ ಕೈಗೆ ಮೇಲಕ್ಕೆ ಹೋಗಬೇಕಾದರೆ ಅದು ಕೆಳಗಿನ ಮೊದಲ ಕೈಯಿಂದ ಶುರುವಾಗಲೇಬೇಕು. ಹೋಟೆಲಿನಲ್ಲಿ ಹಳಸಿದ ಸಾಂಬಾರು ಬಡಿಸಿದರೆ ಬೇಳೆ ಮಂಡಿಗೆ ಹೋಗಿ ಕೇಳಿ ಎಂದರೆ ಒಪ್ಪುತ್ತೇವೆಯೇ?

ಸರ್ಕಾರ ತನ್ನ ಕಟ್ಟಡದ ವಿಷಯದಲ್ಲಿ ಏನು ಮಾಡುತ್ತದೆ ಎಂಬುದನ್ನೂ ನೋಡಬೇಕು. ಕೇಂದ್ರ ಲೋಕೋಪಯೋಗಿ ಇಲಾಖೆಯ ಟೆಂಡರ್‌ಗಳಲ್ಲಿ ವಾಟರ್‌ಪ್ರೂಫಿಂಗಿಗೆ ಹತ್ತು ವರ್ಷದ ಗ್ಯಾರಂಟಿ ಬಾಂಡ್ ಕೇಳುತ್ತಾರೆ. ಕೆಲಸ ಮಾಡಿದ ವಿಶೇಷ ಏಜೆನ್ಸಿಯೂ ಗುತ್ತಿಗೆದಾರರೂ ಇಬ್ಬರೂ ಸಹಿ ಹಾಕಬೇಕು. ಅಷ್ಟಾದ ಮೇಲೂ ಕೆಲಸದ ಫಲಕ್ಕೆ ಪೂರ್ತಿ ಹೊಣೆ ಕಟ್ಟಡದ ಗುತ್ತಿಗೆದಾರರದೇ ಎಂದು ಬರೆದು, ಆ ಕೆಲಸದ ಮೊತ್ತದಲ್ಲಿ 10%ರಷ್ಟನ್ನು ತಡೆಹಿಡಿಯುತ್ತಾರೆ. ಕಚೇರಿಯ ತಾರಸಿಗೆ ಈ ನ್ಯಾಯವಿದ್ದರೆ, ಭವಿಷ್ಯನಿಧಿ ತೆಗೆದು, ಚಿನ್ನ ಅಡವಿಟ್ಟು ಮನೆ ಕಟ್ಟಿದ ಶಿಕ್ಷಕಿಯ ತಾರಸಿಗೆ ಯಾಕಿಲ್ಲ? ಫ್ಲಾಟ್ ಕೊಂಡವರಿಗೆ 2016ರ ರೇರಾ ಕಾಯ್ದೆ ಸ್ವಲ್ಪ ರಕ್ಷಣೆ ಕೊಟ್ಟಿದೆ. ಸ್ವಾಧೀನ ಕೊಟ್ಟ 5 ವರ್ಷದೊಳಗೆ ರಚನೆಯಲ್ಲೋ ಕೆಲಸದಲ್ಲೋ ಗುಣಮಟ್ಟದಲ್ಲೋ ದೋಷ ಕಂಡು ತಿಳಿಸಿದರೆ ಬಿಲ್ಡರ್ 30 ದಿನದೊಳಗೆ ಹಣ ಕೇಳದೆ ಸರಿಪಡಿಸಬೇಕು. ಟೈಲ್ಸ್ ಕಂಪನಿಯನ್ನು ಕೇಳಿಕೊಳ್ಳಿ ಎಂದು ಆ ಕಾಯ್ದೆ ಹೇಳಲಿಲ್ಲ. ಸ್ವಂತ ಸೈಟಿನಲ್ಲಿ ಕಟ್ಟಿಸುವವರನ್ನು ಮಾತ್ರ ಅದು ಮುಟ್ಟುವುದಿಲ್ಲ.

ಕಾಂಟ್ರಾಕ್ಟರುಗಳ ಕಷ್ಟ ನನಗೆ ಗೊತ್ತಿಲ್ಲದ್ದಲ್ಲ. ಅವರಲ್ಲಿ ಬಹಳ ಜನ ನಿನ್ನೆಯವರೆಗೆ ಕರಣೆ ಹಿಡಿದಿದ್ದ ಮೇಸ್ತ್ರಿಗಳು. ಒಂದು ಮನೆಯ ಅಡ್ವಾನ್ಸಿನಲ್ಲಿ ಇನ್ನೊಂದು ಮನೆಯ ಕಬ್ಬಿಣದ ಬಾಕಿ ತೀರಿಸುತ್ತಾ, ಶನಿವಾರದ ಬಟವಾಡೆಗೆ ಸಾಲ ಎತ್ತುತ್ತಾ ಬದುಕುವವರು. ಮನೆಯವರೂ ಸಾಚಾಗಳೇನಲ್ಲ. ರೇಟನ್ನು ಹಿಂಡಿ ಹಿಂಡಿ ಇಳಿಸುತ್ತಾರೆ, ಕೊನೆಯ ಕಂತನ್ನು ಕಾರಣವಿಲ್ಲದೆ ಉಳಿಸಿಕೊಳ್ಳುತ್ತಾರೆ. ಅಷ್ಟು ಕಡಿಮೆ ರೇಟಿಗೆ ಇನ್ನೆಂಥ ಮನೆ ಬರುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಈ ಮಾತನ್ನು ಹೇಳಬೇಕಾದ ಹೊತ್ತು ಒಪ್ಪಂದದ ದಿನ. ಅಡ್ಹೆಸಿವ್ ಹಾಕಿದರೆ ಇಷ್ಟು, ಹಾಕದಿದ್ದರೆ ಇಷ್ಟು, ಹಾಕದಿದ್ದರೆ ಟೈಲ್ಸ್ ಏಳುವ ಸಂಭವವಿದೆ ಎಂದು ಬರೆದು ತೋರಿಸಲಿ. ಕಡಿಮೆಯದ್ದನ್ನು ಆರಿಸಿದ ಮನೆಯವರು ಆಮೇಲೆ ದೂರಲಾರರು. ಅದನ್ನು ಹೇಳದೆ ಕೆಲಸ ಹಿಡಿದು, ಕಾಣದ ಜಾಗದಲ್ಲಿ ಕಡಿತ ಮಾಡಿ, ಕೆಟ್ಟ ಮೇಲೆ ರೇಟನ್ನು ನೆನಪಿಸುವುದು ಬಡತನದ ಮಾತಲ್ಲ. ಇನ್ನು ಮಾಲೇ ನಿಜವಾಗಿ ಕೆಟ್ಟದ್ದಾಗಿದ್ದರೆ ಚಿಕ್ಕ ಕಾಂಟ್ರಾಕ್ಟರ್ ಮುಳುಗಿಹೋಗುವುದಿಲ್ಲವೇ ಎಂದರೆ, ವರ್ಷಕ್ಕೆ ಹತ್ತಾರು ಲಕ್ಷದ ಮಾಲು ಕೊಳ್ಳುವ ಗಿರಾಕಿಯ ಮಾತನ್ನು ಡೀಲರ್ ಕೇಳುತ್ತಾನೆ. ಜೀವನದಲ್ಲಿ ಒಂದೇ ಮನೆ ಕಟ್ಟುವವರ ಮಾತನ್ನು ಕೇಳುವುದಿಲ್ಲ. ಕಂಪನಿಯ ಮೇಲೆ ಒತ್ತಡ ತರುವ ಶಕ್ತಿ ಇರುವುದು ಕಾಂಟ್ರಾಕ್ಟರ್ ಬಳಿ. ಆ ಶಕ್ತಿಯನ್ನು ಅವರು ಬಳಸುವುದಿಲ್ಲ, ಯಾಕೆಂದರೆ ಬಳಸದಿದ್ದರೂ ಅವರಿಗೆ ನಷ್ಟವಾಗದಂತೆ ನಾವೇ ನೋಡಿಕೊಂಡಿದ್ದೇವೆ. ಕೆಟ್ಟ ಮಾಲು ಮಾರುಕಟ್ಟೆಯಲ್ಲಿ ಇಷ್ಟು ಆರಾಮಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ.

ತಡಮಾಡುವ ಅಭ್ಯಾಸದ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. "ಈ ಮಳೆಗಾಲ ಮುಗೀಲಿ ಮೇಡಂ, ಒಣಗಿದ ಮೇಲೆ ಒಂದು ಕೋಟ್ ಹೊಡೆಸಿಕೊಡ್ತೀನಿ" ಎನ್ನುತ್ತಾರೆ. ಮಳೆಗಾಲ ಮುಗಿದ ಮೇಲೆ ಸೋರಿಕೆಯೂ ನಿಲ್ಲುತ್ತದೆ, ಫೋನ್ ಎತ್ತುವುದೂ ನಿಲ್ಲುತ್ತದೆ. ಮುಂದಿನ ಜೂನ್‌ನಲ್ಲಿ ಮತ್ತೆ ಅದೇ ಮಾತು, ಹೆಚ್ಚೆಂದರೆ ಬಿರುಕಿನ ಮೇಲೆ ಬಿಳಿ ಕೆಮಿಕಲ್‌ನ ಒಂದು ಗೆರೆ. ಗ್ರಾಹಕ ಆಯೋಗಕ್ಕೆ ಹೋಗಲು ಕಾರಣ ಉಂಟಾದ ದಿನದಿಂದ 2 ವರ್ಷ ಮಾತ್ರ ಅವಕಾಶ. ತಡಕ್ಕೆ ತಕ್ಕ ಕಾರಣವಿದ್ದರೆ ಆಯೋಗ ಮನ್ನಿಸಬಹುದು, ಮನ್ನಿಸಲೇಬೇಕೆಂದಿಲ್ಲ. ಎರಡು ಮಳೆಗಾಲ ಮಾತಿನಲ್ಲೇ ಕಳೆದರೆ ಆ ಅವಧಿ ಹೆಚ್ಚುಕಡಿಮೆ ಕರಗಿಹೋಗುತ್ತದೆ. ಆದ್ದರಿಂದ ಮೊದಲ ಹನಿ ಬಿದ್ದ ವಾರವೇ ಫೋಟೊ ಸಮೇತ ಲಿಖಿತವಾಗಿ ತಿಳಿಸಬೇಕು. ಬಾಯಿಮಾತಿನ ಭರವಸೆ ಬಂದರೆ ಅದನ್ನೂ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಬೇಕು. ಜಿಲ್ಲಾ ಆಯೋಗದಲ್ಲಿ 5 ಲಕ್ಷ ರೂಪಾಯಿವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವೂ ಅಲ್ಲ.

ಮನೆ ಕಟ್ಟಿಸುವವರಿಗೆ ಒಪ್ಪಂದ ಬರೆದುಕೊಡುವ ಎಂಜಿನಿಯರುಗಳಿಗೂ ಆಯಾ ಊರಿನ ಗುತ್ತಿಗೆದಾರರ ಸಂಘಗಳಿಗೂ ನನ್ನದೊಂದು ಒತ್ತಾಯವಿದೆ. ಈಗಿನ ಒಪ್ಪಂದಗಳಲ್ಲಿ ಕಂತಿನ ದಿನಾಂಕಗಳು ಎರಡು ಪುಟ ಇರುತ್ತವೆ, ದೋಷದ ಬಗ್ಗೆ ಒಂದು ಸಾಲೂ ಇರುವುದಿಲ್ಲ. ತಾರಸಿ, ಬಚ್ಚಲು, ನೆಲ, ಮರಗೆಲಸ ಇವುಗಳಲ್ಲಿ ಗೊತ್ತಾದ ಅವಧಿಯೊಳಗೆ ಕಾಣಿಸುವ ದೋಷವನ್ನು, ಅದು ಮಾಲಿನದೋ ಕೆಲಸದ್ದೋ ಎಂಬ ವಾದಕ್ಕೆ ಮೊದಲೇ, ಕಾಂಟ್ರಾಕ್ಟರ್ ಸ್ವಂತ ಖರ್ಚಿನಲ್ಲಿ ಸರಿಪಡಿಸಿಕೊಡಬೇಕು; ಆಮೇಲೆ ಡೀಲರ್‌ನಿಂದಲೋ ಕಂಪನಿಯಿಂದಲೋ ಅವರು ವಸೂಲು ಮಾಡಿಕೊಳ್ಳಲಿ ಎಂಬ ಷರತ್ತು ಅದರಲ್ಲಿ ಬರಲಿ. ಪ್ರತಿ ಮಾಲಿನ ಬಿಲ್ಲಿನ ಪ್ರತಿ, ಬ್ಯಾಚ್ ನಂಬರಿನ ಫೋಟೊ, ತಾರಸಿಯಲ್ಲಿ ನೀರು ಕಟ್ಟಿ ನಿಲ್ಲಿಸಿ ನೋಡಿದ ದಿನಾಂಕ ಇಷ್ಟು ಒಂದು ಕಡತದಲ್ಲಿ ಸೇರಿ ಕೀಲಿಕೈ ಜೊತೆ ಮನೆಯವರ ಕೈ ಸೇರಲಿ. ಕೊನೆಯ ಕಂತಿನ ಒಂದು ಪಾಲು ಗೃಹಪ್ರವೇಶದ ದಿನ ಕೊಡದೆ ಎರಡು ಮಳೆಗಾಲ ಇಬ್ಬರ ಹೆಸರಿನ ಬ್ಯಾಂಕ್ ಠೇವಣಿಯಲ್ಲಿ ಇರಲಿ, ದೋಷ ಕಾಣದಿದ್ದರೆ ಬಡ್ಡಿ ಸಮೇತ ಕಾಂಟ್ರಾಕ್ಟರಿಗೆ ಸೇರಲಿ. ಹೀಗೆ ಬರೆದರೆ ರೇಟು ಚದರಡಿಗೆ ಸ್ವಲ್ಪ ಏರಬಹುದು. ಏರಲಿ. ಮನೆಯವರು ಅದನ್ನು ಕೊಡಬೇಕು, ಚೌಕಾಸಿ ಮಾಡದೆ ಕೊಡಬೇಕು.